ಹೆಸರು ಅಳಿಸಿದ ವರದಿ

ಆ ವರದಿ ನನ್ನ ಕಪಾಟಿನಲ್ಲಿ ಬೋರಲು ಬಿದ್ದಿದೆ. ನುಣುಪು ಹಾಳೆ, ಬಣ್ಣದ ಹೊದಿಕೆ, ಹೊದಿಕೆಯ ಮೇಲೆ ಲ್ಯಾಪ್‌ಟಾಪಿನ ಮುಂದೆ ಹಲ್ಲು ಕಿರಿದು ಕೂತ ನಾಲ್ವರು. ಅವರಲ್ಲಿ ಒಬ್ಬರೂ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಂಡವರಲ್ಲ. ಎಲ್ಲಿಂದಲೋ ಇಳಿಸಿಕೊಂಡ ಚಿತ್ರ. ಒಳಗಿನ ಮಾತುಗಳು ಮಾತ್ರ ಈ ಮೂರು ತಾಲೂಕಿನ ಮಕ್ಕಳವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೂತು ಕೇಳಿ, ಬರೆದುಕೊಂಡು, ಟೈಪು ಮಾಡಿ ಕಳಿಸಿದವಳು ನಾನು. ಹರಿದು ಒಲೆಗೆ ಹಾಕಬೇಕು ಅನ್ನಿಸಿದ್ದು ಒಂದೆರಡು ಸಲವಲ್ಲ. ಆದರೆ ಅದು ಸಾಕ್ಷಿಗೆ ಬೇಕು, ಹಾಗಾಗಿ ಇಟ್ಟುಕೊಂಡಿದ್ದೇನೆ.

ನಾನು ಶಿರಸಿಯ ಒಂದು ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತೇನೆ. ಇಪ್ಪತ್ತು ವರ್ಷ ದಾಟಿತು. ದೊಡ್ಡ ಊರಿನ ವಿಶ್ವವಿದ್ಯಾಲಯದಿಂದ ಒಬ್ಬ ಪ್ರೊಫೆಸರರು ನಮ್ಮ ಸ್ಟಾಫ್ ರೂಮಿಗೆ ಬಂದು ಕೂತಾಗ ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಮನಃಶಾಸ್ತ್ರ, ಸಮಾಜಶಾಸ್ತ್ರ, ಮ್ಯಾನೇಜ್‌ಮೆಂಟ್, ಕಂಪ್ಯೂಟರ್ ಎಲ್ಲ ವಿಭಾಗಗಳೂ ಸೇರಿ ಮಾಡುವ ಅಧ್ಯಯನವಂತೆ. ಓದು ಮುಗಿಸಿದ ಮಕ್ಕಳು ಇಂದಿನ ಕಚೇರಿಗಳಿಗೆ ಹೇಗೆ ಹೊಂದಿಕೊಳ್ಳುತ್ತಾರೆ ಎಂಬುದು ವಿಷಯ. ‘ಸಣ್ಣ ಊರಿನಲ್ಲೇ ಉಳಿದು ಕೆಲಸ ಮಾಡುವವರನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ, ನಾವು ಕೇಳುತ್ತೇವೆ’ ಎಂದರು. ಆ ಒಂದು ಮಾತಿಗೆ ನಾನು ಬಿದ್ದೆ. ನನ್ನ ಹಳೆಯ ವಿದ್ಯಾರ್ಥಿಗಳನ್ನು, ಹೊರಗೆ ಹೋಗಿ ಹೆಸರು ಮಾಡಿದವರನ್ನು ಬಿಟ್ಟು ಉಳಿದವರನ್ನು, ಯಾರೋ ಒಬ್ಬರು ಕೇಳುತ್ತಾರಲ್ಲ ಎಂದು ಖುಷಿಯಾಯಿತು. ಸ್ಥಳೀಯ ಸಂದರ್ಶಕಿಯಾಗಲು ಒಪ್ಪಿಕೊಂಡೆ.

ಪ್ರಶ್ನಾವಳಿ ಕೈಗೆ ಬಂದಾಗಲೇ ನನಗೆ ಬುದ್ಧಿ ಬರಬೇಕಿತ್ತು. ‘ಕಚೇರಿ ತಲುಪಲು ಬಳಸುವ ವಾಹನ: ಸ್ವಂತ ಕಾರು, ಮೆಟ್ರೊ, ಕ್ಯಾಬ್, ಇತರೆ.’ ನಮ್ಮ ಮಕ್ಕಳೆಲ್ಲ ಇತರೆಗೆ ಗುರುತು ಹಾಕಿದರು. ಬಸ್ಸಿನಲ್ಲಿ ಬಾಗಿಲ ಹತ್ತಿರ ಜೋತು ಬಿದ್ದು ಬರುವುದಕ್ಕೆ ಆ ನಾಲ್ಕು ವಿಭಾಗಗಳ ಪಂಡಿತರಿಗೆ ಬೇರೆ ಹೆಸರು ಹೊಳೆದಿರಲಿಲ್ಲ. ‘ನಿಮ್ಮ ಮೇಲಧಿಕಾರಿಗೆ ಒಂದರಿಂದ ಐದರೊಳಗೆ ಅಂಕ ಕೊಡಿ’ ಎಂದಿತ್ತು. ಎಲ್ಲರೂ ನಾಲ್ಕು ಕೊಟ್ಟರು. ಐದು ಕೊಟ್ಟರೆ ಬೆಣ್ಣೆ ಹಚ್ಚಿದಂತೆ, ಮೂರು ಕೊಟ್ಟರೆ ಉಂಡ ಮನೆಯಲ್ಲಿ ಅಡುಗೆ ಚೆನ್ನಾಗಿಲ್ಲ ಅಂದಂತೆ. ಇದನ್ನು ನಾನು ಪ್ರೊಫೆಸರರಿಗೆ ಫೋನಿನಲ್ಲಿ ಬಿಡಿಸಿ ಹೇಳಿದೆ. ಅವರು ನಕ್ಕು, ‘ಇಂಟರೆಸ್ಟಿಂಗ್, ಅದಕ್ಕೇ ಸಂದರ್ಶನ ಇಟ್ಟಿದ್ದೇವೆ’ ಎಂದರು.

ಸಂದರ್ಶನಕ್ಕೆ ಬಂದವರಲ್ಲಿ ಒಬ್ಬಳು ಕೋಲಸಿರ್ಸಿಯವಳು. ಊರಿನ ಹೆಸರನ್ನು ಇಲ್ಲಿ ಬರೆಯುತ್ತಿರುವುದು ಅವಳನ್ನು ಕೇಳಿ, ಅವಳು ಹೂಂ ಎಂದ ಮೇಲೆ. ಹಾಗೆ ಯಾಕೆ ಕೇಳಬೇಕಾಯಿತು ಎಂಬುದೇ ಈ ಕತೆ.

ಬಿ.ಕಾಂ. ಓದುವಾಗ ಅವಳ ತರಗತಿಯಲ್ಲಿ ಒಂದೇ ಹೆಸರಿನ ಮೂವರು ಹುಡುಗಿಯರಿದ್ದರು. ಹಾಜರಿ ಕರೆಯುವಾಗ ನಾನು ‘ಎಕ್ಕಂಬಿ, ಬನವಾಸಿ, ಕೋಲಸಿರ್ಸಿ’ ಎಂದೇ ಕರೆಯುತ್ತಿದ್ದೆ. ನಮ್ಮ ಬದಿಯಲ್ಲಿ ಇದೇನು ವಿಶೇಷವಲ್ಲ. ಹೊಸಬರು ಮನೆಗೆ ಬಂದರೆ ಮೊದಲು ಆಸರಿಗೆ ಎಂದು ಕುಡಿಯಲು ಏನಾದರೂ ಕೊಡುತ್ತೇವೆ, ಆಮೇಲೆ ಯಾವೂರು, ಯಾರ ಮನೆ ಎಂದು ಕೇಳುತ್ತೇವೆ. ಹೆಸರು ಕೇಳುವುದು ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಮದುವೆಯಾಗಿ ಶಿರಸಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಗಂಡನ ಮನೆಯ ಕಡೆಯವರಿಗೆ ಇವತ್ತಿಗೂ ನಾನು ಯಲ್ಲಾಪುರದವಳು. ಮದುವೆ ಮನೆಯ ಅಡುಗೆ ಸಾಲೆಯಲ್ಲಿ ಯಾರಾದರೂ ನನ್ನ ನಿಜವಾದ ಹೆಸರು ಹಿಡಿದು ಕರೆದರೆ ನಾನೇ ತಿರುಗಿ ನೋಡಲಿಕ್ಕಿಲ್ಲ.

ಕೋಲಸಿರ್ಸಿಯವಳು ಕೆಲಸ ಮಾಡುತ್ತಿದ್ದುದು ಶಿರಸಿಯ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲೆ. ದೂರದೇಶದ ಆಸ್ಪತ್ರೆಗಳ ಕಾಗದಪತ್ರ ಕಂಪ್ಯೂಟರಿನಲ್ಲಿ ನೋಡಿ ತಪ್ಪು ಹುಡುಕುವ ಕೆಲಸ. ಬೆಳಗಿನ ಮೊದಲ ಬಸ್ಸಿಗೆ ಊರು ಬಿಟ್ಟು ಬರುತ್ತಿದ್ದಳು. ಭಾನುವಾರ ನಮ್ಮ ಮನೆಯ ಊಟದ ಮೇಜಿನ ಹತ್ತಿರ ಕೂರಿಸಿ ಅವಳ ಮುಂದೆ ಒಪ್ಪಿಗೆ ಪತ್ರ ಇಟ್ಟೆ. ಅವಳು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು.

‘ಮೇಡಮ್, ಇದು ನಮ್ಮ ಆಫೀಸಿನವ್ರಿಗೆ ಗೊತ್ತಾಗೂದಿಲ್ಲ ಅಲ್ದಾ? ಬರೂ ತಿಂಗಳು ನನ್ನ ಪರ್ಮನೆಂಟ್ ಮಾಡ್ತೆ ಅಂದಾರೆ.’

‘ನಿನ್ನ ಹೆಸರು ಎಲ್ಲೂ ಬರೂದಿಲ್ಲ. ನಾನಿದ್ದೇನಲ್ಲ’ ಎಂದೆ.

ನಾನಿದ್ದೇನಲ್ಲ. ಈ ಮಾತನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವಳು ಸಹಿ ಹಾಕಿದಳು. ನಿಧಾನಕ್ಕೆ ಬಾಯಿ ಬಿಟ್ಟಳು. ಆರು ತಿಂಗಳ ತರಬೇತಿ ಎಂದು ಸೇರಿಸಿಕೊಂಡಿದ್ದರಂತೆ. ಆರು ತಿಂಗಳಾದ ಮೇಲೆ ಇನ್ನೊಂದು ತರಬೇತಿ ಪತ್ರ, ಮತ್ತೆ ಆರು ತಿಂಗಳಾದ ಮೇಲೆ ಮತ್ತೊಂದು. ‘ನಾ ಕೆಲ್ಸ ಕಲಿಸಿದ ಮೂರು ಜನ ಪರ್ಮನೆಂಟ್ ಆದ್ರು ಮೇಡಮ್. ನಾ ಇನ್ನೂ ಟ್ರೇನಿ’ ಎಂದು ನಕ್ಕಳು. ರಜೆ ಬೇಕಾದರೆ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ, ಎಲ್ಲರೆದುರು ಕಾರಣ ಬರೆಯಬೇಕಂತೆ. ಅಲ್ಲಿನ ಹುಡುಗಿಯರೆಲ್ಲ ತಿಂಗಳಿಗೊಂದು ದಿನ ತಲೆನೋವು ಎಂದು ಬರೆಯುತ್ತಾರೆ. ಅದರ ಕೆಳಗೆ ಯಾರಾದರೊಬ್ಬ ನಗುವ ಮುಖ ಹಾಕುತ್ತಾನೆ. ಮ್ಯಾನೇಜರು ಅದಕ್ಕೆ ಏನೂ ಅನ್ನುವುದಿಲ್ಲ. ನಾವೆಲ್ಲ ಒಂದೇ ಮನೆಯವರ ಹಾಗೆ, ಮನೆಯಲ್ಲಿ ಮುಚ್ಚುಮರೆ ಯಾಕೆ ಅನ್ನುತ್ತಾರಂತೆ. ಇದನ್ನು ಹೇಳುವಾಗ ಅವಳು ನಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಇದು ಅಚ್ಚಾಗಲೇಬೇಕು ಎಂದುಕೊಂಡೆ.

ಅಚ್ಚಾಯಿತು.

ಸಂದರ್ಶನಗಳನ್ನು ಕಳಿಸುವ ಮೊದಲು ಪಾಲಿಸಬೇಕಾದ ನಿಯಮಗಳ ಒಂದು ಹಾಳೆ ವಿಶ್ವವಿದ್ಯಾಲಯದಿಂದ ಬಂದಿತ್ತು. ಹೆಸರು ತೆಗೆಯಿರಿ, ಫೋನ್ ನಂಬರು ತೆಗೆಯಿರಿ, ಕಚೇರಿಯ ಹೆಸರು ತೆಗೆಯಿರಿ. ನಾನು ಎರಡು ರಾತ್ರಿ ಕೂತು, ಕನ್ನಡಕ ಒರೆಸಿಕೊಂಡು, ಒಂದೊಂದೇ ಸಾಲು ಓದಿ ಹೆಸರುಗಳನ್ನೆಲ್ಲ ಅಳಿಸಿದೆ. ಅಕ್ಕಿ ಆರಿಸುವಷ್ಟು ಜತನದಿಂದ ಮಾಡಿದೆ. ಆಮೇಲೆ ಯಾವುದು ಯಾರದ್ದೆಂದು ನನಗೆ ಗೊತ್ತಾಗಬೇಕಲ್ಲ ಎಂದು ಪ್ರತಿ ಕಡತದ ತಲೆಯ ಮೇಲೆ ಒಂದು ಗುರುತು ಬರೆದೆ. ಅವಳ ಕಡತದ ಮೇಲೆ ಬರೆದದ್ದು ‘ಕೋಲಸಿರ್ಸಿ, ಮೊದಲ ಬಸ್ಸು’. ಅಳಿಸಬೇಕಾದದ್ದು ಅದನ್ನೇ ಎಂದು ನನಗೆ ಹೊಳೆಯಲೇ ಇಲ್ಲ. ಹಾಳೆಯಲ್ಲಿ ಹೆಸರು ಎಂದಿತ್ತು, ನಾನು ಹೆಸರನ್ನು ಹುಡುಕಿದೆ. ಜೀವನವಿಡೀ ಜನರನ್ನು ಊರು ಹಿಡಿದು ಕರೆದವಳು, ಊರೇ ಅವರ ಹೆಸರು ಎಂಬುದನ್ನು ಮರೆತು ಕೂತಿದ್ದೆ.

ಆ ಕಡೆಯವರೂ ನೋಡಲಿಲ್ಲ. ಅವರ ಪಾಲಿಗೆ ಅದು ಎಲ್ಲೋ ಇರುವ ಒಂದು ಹಳ್ಳಿ. ವರದಿಯಲ್ಲಿ ಹೀಗೆ ಬಂತು: ‘ಕೋಲಸಿರ್ಸಿಯಿಂದ ಮೊದಲ ಬಸ್ಸಿನಲ್ಲಿ ಪ್ರಯಾಣಿಸುವ ಒಬ್ಬ ತರಬೇತಿನಿರತ ಮಹಿಳಾ ಉದ್ಯೋಗಿ ಹೇಳುವಂತೆ...’ ಅಲ್ಲಿಂದ ಮುಂದೆ ಅವಳು ಹೇಳಿದ್ದೆಲ್ಲ ಇತ್ತು, ತಲೆನೋವಿನ ಸಮೇತ. ಅದನ್ನು ಯಾವ ಅಧ್ಯಾಯಕ್ಕೆ ಸೇರಿಸಿದ್ದರು ಗೊತ್ತೇ? ‘ಗ್ರಾಮೀಣ ಯುವ ಉದ್ಯೋಗಿಗಳಲ್ಲಿ ಧೈರ್ಯವಾಗಿ ಮಾತನಾಡುವ ಗುಣದ ಕೊರತೆ’ ಎಂಬ ಅಧ್ಯಾಯಕ್ಕೆ. ಆ ಹುಡುಗಿ ನನ್ನ ಮನೆಯ ಮೇಜಿನ ಮುಂದೆ ಕೂತು ಅಷ್ಟು ಧೈರ್ಯವಾಗಿ ಮಾತಾಡಿದ್ದೇ ಅವಳಿಗೆ ಧೈರ್ಯವಿಲ್ಲ ಎಂಬುದಕ್ಕೆ ಪುರಾವೆಯಾಗಿತ್ತು. ಪರಿಹಾರವೆಂದು ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರವನ್ನೂ ಸೂಚಿಸಿದ್ದರು. ಮ್ಯಾನೇಜರುಗಳಿಗೆ ಶಿಬಿರದ ಮಾತೇ ಇರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ಒಂದು ಉದ್ದ ಪತ್ರ ಬರೆದು ಸುಮ್ಮನಾಗುತ್ತಿದ್ದೆನೋ ಏನೋ. ಸಹಕರಿಸಿದ ಕಚೇರಿಗಳಿಗೆಲ್ಲ ಕೃತಜ್ಞತೆಯೊಂದಿಗೆ ಅವರು ವರದಿಯ ಒಂದೊಂದು ಪ್ರತಿ ಕಳಿಸಿದ್ದರು.

ಅವಳ ಫೋನು ಬಂದಾಗ ನಾನು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದೆ. ‘ಮೇಡಮ್, ಸರು ಇವತ್ತು ಎಲ್ಲರನ್ನೂ ನಿಲ್ಲಿಸಿ ಅದನ್ನ ಓದಿದ್ರು. ನನ್ನ ಮುಖ ನೋಡ್ಲಿಲ್ಲ. ಆಮೇಲೆ ಕರೆದು, ನಿನ್ನ ಟ್ರೇನಿಂಗ್ ಈ ಶನಿವಾರಕ್ಕೆ ಮುಗೀತದೆ ಅಂದ್ರು.’ ಅವಳು ಅಳುತ್ತಿರಲಿಲ್ಲ. ‘ಆ ಆಫೀಸಿನಲ್ಲಿ ಕೋಲಸಿರ್ಸಿಯವ್ಳು ನಾ ಒಬ್ಬಳೇ ಅಲ್ದಾ ಮೇಡಮ್. ಅವರೂ ನನ್ನ ಕೋಲಸಿರ್ಸಿ ಅಂತ್ಲೇ ಕರೆಯೂದು’ ಎಂದಳು.

ಫೋನು ಇಟ್ಟು ನಿಂತವಳ ಮುಖ ನೋಡಿ ಅತ್ತೆ ಕೇಳಿದರು, ‘ಎಂತ ಆತೇ?’

ಹೇಳಿದೆ. ಅವರು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು. ಅಡಕೆ ಹಾಳೆಯ ಬೀಸಣಿಗೆ ಬೀಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ‘ಹೆಸ್ರು ಅಳಿಸಿ ಊರು ಹಾಂಗೇ ಬಿಟ್ಯಾ? ಊರು ಹೇಳಿದ್ಮೇಲೆ ಮುಚ್ಚಿಡಲೆ ಎಂತ ಇದ್ದು?’ ಎಂದರು. ನಾಲ್ಕು ವಿಭಾಗಗಳಿಗೂ ನನಗೂ ಸೇರಿ ಹೊಳೆಯದ ಮಾತು.

ಆ ಸಂಜೆಯೇ ಮ್ಯಾನೇಜರನ್ನು ನೋಡಲು ಹೋದೆ. ಹಾವೇರಿ ಕಡೆಯವರು, ಮಾತು ಮೃದು. ‘ಬರ್ರಿ ಮೇಡಮ್, ಕುಂದರ್ರಿ, ಚಾ ತರಸ್ತೀನಿ’ ಎಂದರು. ಚಾ ಬೇಡ ಎಂದೆ. ಆ ಹುಡುಗಿಯನ್ನು ಯಾಕೆ ತೆಗೆದಿರಿ ಎಂದು ನೇರವಾಗಿ ಕೇಳಿದೆ.

‘ನಾ ಯಾರನ್ನೂ ತಗದಿಲ್ರಿ. ಟ್ರೇನಿಂಗ್ ಮುಗೀತು, ಮುಂದುವರಸಲಿಲ್ಲ, ಅಷ್ಟ. ಆ ವರದಿ ಒಳಗ ಯಾರ ಹೆಸರೂ ಇಲ್ಲಲ್ರಿ ಮೇಡಮ್. ಯಾರು ಹೇಳ್ಯಾರ ಅಂತ ನನಗ ಹ್ಯಾಂಗ ಗೊತ್ತಾಗಬೇಕು?’

ಅಷ್ಟು ಹೇಳಿ ಅವರು ಬಾಗಿಲ ಕಡೆ ತಿರುಗಿ, ಒಳಗಿದ್ದ ಯಾರನ್ನೋ ‘ಏ ಬನವಾಸಿ, ಎರಡು ಚಾ ಹೇಳವಾ’ ಎಂದು ಕೂಗಿದರು. ನಾನು ಎದ್ದು ಬಂದೆ.

ಮರುದಿನ ಪ್ರೊಫೆಸರರಿಗೆ ಫೋನು ಮಾಡಿದೆ. ನಡೆದದ್ದನ್ನು ಹೇಳಿ ಮುಗಿಸುವವರೆಗೆ ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ, ‘ತುಂಬ ಬೇಸರದ ಸಂಗತಿ ಮೇಡಮ್. ಆದರೆ ನಿಯಮದ ಪ್ರಕಾರ ನೋಡಿದರೆ ಹೆಸರು ಎಲ್ಲೂ ಇಲ್ಲವಲ್ಲ’ ಎಂದರು. ಮಹಡಿಯ ಮೇಲಿನ ಮ್ಯಾನೇಜರೂ ದೊಡ್ಡ ಊರಿನ ಪ್ರೊಫೆಸರರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಇಬ್ಬರೂ ಒಂದೇ ವಾಕ್ಯದಿಂದ ಕೈ ತೊಳೆದುಕೊಂಡರು. ಆ ವಾಕ್ಯವನ್ನು ಅವರಿಗೆ ಮಾಡಿಕೊಟ್ಟವಳು ನಾನು, ಎರಡು ರಾತ್ರಿ ಕೂತು.

ಅದಕ್ಕಿಂತ ಮುಂದೆಯೂ ಹೋದರು ಆ ಮಹಾನುಭಾವರು. ಈ ಬೆಳವಣಿಗೆ ನಮ್ಮ ಅಧ್ಯಯನಕ್ಕೆ ಮಹತ್ವದ್ದು, ಅವಳು ಒಪ್ಪಿದರೆ ಇನ್ನೊಂದು ಸಂದರ್ಶನ ಮಾಡಬಹುದೇ ಎಂದು ಕೇಳಿದರು. ನಾನು ಅವರಿಗೆ ಏನಂದೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಪಾಠ ಮಾಡುವ ಬಾಯಲ್ಲಿ ಅಂಥ ಮಾತೂ ಇದೆ ಎಂದು ಸ್ಟಾಫ್ ರೂಮಿನವರಿಗೆ ಅವತ್ತು ಗೊತ್ತಾಯಿತು.

ಭಾನುವಾರ ಕೋಲಸಿರ್ಸಿಗೆ ಹೋದೆ. ಕ್ಷಮೆ ಕೇಳಬೇಕಿತ್ತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡಿದ್ದೆ. ಮನೆಯ ಮೆಟ್ಟಿಲಲ್ಲಿ ಅವಳ ತಾಯಿ ಸಿಕ್ಕರು. ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ನೀರು, ಬೆಲ್ಲ ತಂದಿಟ್ಟು, ‘ನಿಮ್ದು ಯಾವ ಊರಾತು?’ ಎಂದರು. ಯಲ್ಲಾಪುರ ಎಂದೆ. ‘ಹಾಂ, ಯಲ್ಲಾಪುರದ ಮೇಡಮ್ ನೀವೇನಾ? ಮಗಳು ಹೇಳ್ತಿರ್ತಾಳೆ’ ಎಂದು ಒಳಗೆ ಕರೆದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಕಂಡಿದ್ದರೆ ನನಗೆ ಹಗುರಾಗುತ್ತಿತ್ತು.

ಮಗಳು ಬಂದು ಎದುರು ಕೂತಳು. ತಪ್ಪು ನನ್ನದು ಎಂದೆ. ಅವಳು ಅಲ್ಲವೆನ್ನಲಿಲ್ಲ, ನನಗೆ ಸಮಾಧಾನ ಹೇಳುವ ಉಪಚಾರವನ್ನೂ ಮಾಡಲಿಲ್ಲ. ಅದು ನನಗೆ ಸರಿಯೆನಿಸಿತು. ವರದಿಯಿಂದ ಆ ಪುಟ ತೆಗೆಸುತ್ತೇನೆ, ನಿನಗೆ ಬೇರೆ ಕಡೆ ಕೆಲಸಕ್ಕೆ ಹೇಳುತ್ತೇನೆ ಎಂದೆ. ಅವಳು ತಲೆಯಾಡಿಸುತ್ತ ಕೇಳಿದಳು.

‘ಪುಟ ತೆಗೆಸೂದು ಬ್ಯಾಡ ಮೇಡಮ್. ಅದರಲ್ಲಿರೂದು ಖರೇನೇ ಅಲ್ದಾ?’

ಹೌದು ಎಂದೆ.

‘ಕಾರ್ಮಿಕ ಇಲಾಖೆಗೆ ಒಂದು ಅರ್ಜಿ ಬರೀವಾ. ಅಲ್ಲಿ ಇನ್ನೂ ಆರು ಜನ ಹುಡುಗೀರು ಟ್ರೇನಿ ಅಂತ್ಲೇ ಇದ್ದಾರೆ. ತಲೆನೋವು ಬರೀತಾ ಕೂತಿದ್ದಾರೆ.’

ಚೀಲದಿಂದ ಹಾಳೆ ತೆಗೆದೆ. ಬರೆಯಲು ಹೊರಟವಳ ಕೈ ತಾನಾಗಿಯೇ ನಿಂತಿತು. ಒಂದು ಸಲ ಸುಟ್ಟುಕೊಂಡಿದ್ದೆನಲ್ಲ. ನಿನ್ನ ಹೆಸರು ಬೇಡ, ಊರೂ ಬೇಡ, ಒಬ್ಬ ಮಾಜಿ ಉದ್ಯೋಗಿ ಎಂದು ಹಾಕುತ್ತೇನೆ, ಕೆಳಗೆ ನನ್ನ ಸಹಿ ಇರಲಿ ಎಂದೆ.

ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು.

‘ನಾ ಹೆಸ್ರು ಹೇಳ್ದೇ ಹೇಳಿದ್ದಕ್ಕೆ ನಂಗೆ ಧೈರ್ಯ ಇಲ್ಲ ಅಂತ ಬರೆದ್ರು ಮೇಡಮ್. ಈ ಸಲ ಹೆಸ್ರು ಇರ್ಲಿ.’

ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಮೇಲೆ ತನ್ನ ಹೆಸರು ಬರೆದಳು, ತಂದೆಯ ಹೆಸರು ಬರೆದಳು, ಕೋಲಸಿರ್ಸಿ ಎಂದು ಬರೆದಳು. ಇಷ್ಟು ವರ್ಷ ಹಾಜರಿ ಕರೆದ ನಾನು ಅವಳ ಪೂರ್ತಿ ಹೆಸರನ್ನು ಸರಿಯಾಗಿ ಓದಿದ್ದು ಅವತ್ತೇ.