ಕಣ್ಣು ಕಟ್ಟಿದರೂ ಕಂಡ ಪಟ್ಟೆ ಸೀರೆ

ತಲೆನೋವು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಕುಣಿಯಲು ಬಾರದವಳಿಗೆ ನೆಲ ಡೊಂಕು, ಕೆಲಸ ಬೇಡವಾದವಳಿಗೆ ತಲೆನೋವು ಎಂದೇ ತಿಳಿದಿದ್ದೆ. ದೆವ್ವ, ಗಾಳಿ ಎನ್ನುವವರ ಮೇಲಂತೂ ಅದಕ್ಕಿಂತ ಹೆಚ್ಚಿನ ತಾತ್ಸಾರ. ಅದು ಇಂದಿಗೂ ಹೋಗಿಲ್ಲ. ಹಾಗಾಗಿ ಇದನ್ನು ನಂಬಿರೆಂದು ನಿಮ್ಮ ಕೈಕಾಲು ಹಿಡಿಯುವುದಿಲ್ಲ.

ನನ್ನ ತಂಗಿ ಗಿರಿಜಾಳಿಗೆ ಚಿಕ್ಕಂದಿನಿಂದ ಅರ್ಧ ತಲೆನೋವು. ಕಿಟಕಿಯ ಸರಳುಗಳನ್ನು ನೋಡಿದರೂ ಮುಖ ತಿರುಗಿಸುತ್ತಿದ್ದಳು. ನಾನು ಅದನ್ನು ಸೊಕ್ಕು ಎನ್ನುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಅವಳಿಗೆ ದೇವದುರ್ಗದ ಹುಡುಗನೊಬ್ಬನ ಸಂಬಂಧ ಗೊತ್ತಾಯಿತು. ಅವನನ್ನು ಗಿರಿಜಾ ಮನಸಾರೆ ಮೆಚ್ಚಿದ್ದಳು. ಅವನ ತಾಯಿಯ ಬಗ್ಗೆ ಮಾತ್ರ ನನ್ನ ಬಾಯಲ್ಲಿ ಒಂದೊಳ್ಳೆಯ ಮಾತು ಹೊರಡದು. ಕೊರಳ ತುಂಬ ಚಿನ್ನ, ಬಾಯಿ ತುಂಬ ತನ್ನದೇ ಹೊಗಳಿಕೆ.

ನಿಶ್ಚಯದ ದಿನ ಹುಡುಗ, ಅವನ ತಾಯಿ, ನೆಂಟರೆಲ್ಲ ಮಾನ್ವಿಯ ನಮ್ಮ ಮನೆಗೆ ಬಂದರು. ನಮ್ಮಲ್ಲಿ ಗಂಡಿನ ಕಡೆಯವರು ತಂದ ಸೀರೆಯುಟ್ಟು ಕೂತ ಮೇಲೆಯೇ ಹುಡುಗಿಗೆ ಉಡಿ ತುಂಬುವುದು. ಆಕೆ ರಾಯಚೂರಿನ ಅಂಗಡಿಗಳನ್ನೆಲ್ಲ ಜಾಲಾಡಿ ತಂದಿದ್ದ ಸೀರೆಯ ತುಂಬ ಒತ್ತೊತ್ತಾಗಿ ಕಡುಹಸಿರು, ಬಿಳಿ ಪಟ್ಟೆ. ಒಳಕೋಣೆಯಲ್ಲಿ ನಾನು ಅದನ್ನು ಬಿಚ್ಚಿ ಹಿಡಿದೆ. "ಗೆರಿ ಹರದಾಡಾಕತ್ತಾವ ಯಕ್ಕಾ" ಎಂದವಳೇ ಗಿರಿಜಾ ತಲೆ ಹಿಡಿದುಕೊಂಡು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು.

ಪಡಸಾಲೆಗೆ ಸದ್ದು ಕೇಳದಿರುತ್ತದೆಯೇ? ಹುಡುಗನ ತಾಯಿ ಬಂದು ಬಾಗಿಲಲ್ಲಿ ನಿಂತಳು.

"ಸೀರಿ ನೋಡಿ ವಾಂತಿ ಮಾಡ್ಕೊಳ್ಳೋದು ನಾವೆಲ್ಲೂ ಕಂಡಿಲ್ರೀ. ಎಷ್ಟು ತಿಂಗಳಾತು, ಅದನ್ನರ ಖರೇ ಹೇಳ್ರಿ."

"ನಾಲಿಗಿ ಬಿಗಿ ಹಿಡದು ಮಾತಾಡ್ರಿ. ಆಕಿಗೆ ತಲಿನೋವದ" ಎಂದೆ.

"ಹಂಗಿದ್ರ ಇದ ಸೀರಿ ಉಟ್ಟು ಬರಲಿ. ಆಮ್ಯಾಲ ಮುಂದಿನ ಮಾತು."

ಗಿರಿಜಾಳನ್ನು ಗೋಡೆಯ ಕಡೆ ಮುಖ ಮಾಡಿ ಮಲಗಿಸಿ, ಕಣ್ಣಿಗೆ ಒದ್ದೆ ಬಟ್ಟೆ ಬಿಗಿದು ಕಟ್ಟಿದೆ. ತುಸು ಸುಧಾರಿಸಿದಳು. ಕಣ್ಣು ಕಟ್ಟಿಯೇ ಉಡಿಸಿದರಾಯಿತೆಂದು ಅವಳ ಬೆನ್ನ ಹಿಂದೆ ಮೆಲ್ಲಗೆ ಸೀರೆ ಬಿಚ್ಚಿದೆ. "ಅದನ್ನ ಮಡಚಕ್ಕಾ" ಎಂದು ನರಳಿದಳು. ಮಡಚಿದೆ, ನರಳಾಟ ನಿಂತಿತು. ಸದ್ದು ಕೇಳಿರಬೇಕೆಂದು ನನ್ನದೊಂದು ಪಟ್ಟೆಯಿಲ್ಲದ ಸೀರೆಯನ್ನು ಬೇಕೆಂದೇ ಝಾಡಿಸಿದೆ. ಗಿರಿಜಾ ಅಲುಗಲಿಲ್ಲ. ಮತ್ತೆ ಪಟ್ಟೆಯದನ್ನು ಬಿಚ್ಚಿದೆ. "ಬ್ಯಾಡಕ್ಕಾ, ತಲಿ ಒಡಿತದ" ಎಂದು ಮುದುಡಿಕೊಂಡಳು. ಹೊರಗೆ ನಡುಮಧ್ಯಾಹ್ನದ ಬಿಸಿಲು. ಆದರೂ ನನಗೆ ಹೆದರಿಕೆಯಾಯಿತು.

ಹೊರಗೆ ಹೋಗಿ ಏನು ಹೇಳಲಿ? ಕಣ್ಣು ಕಟ್ಟಿದರೂ ಕಾಣುತ್ತದೆ ಎಂದರೆ, ಬಸುರಿ ಎಂದ ಬಾಯಿ ಗಾಳಿ ಬಡಿದವಳು ಎಂದೂ ಅನ್ನುತ್ತಿತ್ತು. "ಆಕಿ ಉಡೂದಿಲ್ರೀ" ಎಂದಷ್ಟೇ ಹೇಳಿ ಸೀರೆಯನ್ನು ಆಕೆಯ ಕೈಗಿಟ್ಟೆ. ಎಲ್ಲರೂ ಎದ್ದು ಹೋದರು. ತಾಯಿಯ ಬಾಯಿ ಮುಚ್ಚಿಸಲಾರದ ಗಂಡು ಎಂಥ ಗಂಡು? ಹೋಗಲಿ ಬಿಡಿ.

ಮುಂದೆ ರಾಯಚೂರಿನ ವೈದ್ಯರೊಬ್ಬರು, ಪದೇಪದೇ ತಲೆನೋವು ಬರುವವರ ಮಿದುಳು ಇಂಥ ಪಟ್ಟೆಗಳನ್ನು ಕಂಡರೆ ಅತಿಯಾಗಿ ಕೆರಳುತ್ತದೆ, ಇದು ನಾಟಕವಲ್ಲ ಎಂದರು. ಒಪ್ಪಿದೆ. ಕಟ್ಟಿದ ಕಣ್ಣಿಗೆ ಹೇಗೆ ಕಂಡಿತು ಎಂದು ಕೇಳಿದೆ. "ನಿಮಗ ಹಂಗನಿಸಿರಬೇಕ್ರೀ" ಎಂದು ನಕ್ಕರು. ಗೊತ್ತಿಲ್ಲ ಎನ್ನಲು ನಾಚುವವರ ನಗು ಅದು. ಉಳಿದದ್ದನ್ನು ನಾನು ಅವರಿಗೆ ಹೇಳಲೇ ಇಲ್ಲ.

ನಿಶ್ಚಯ ಮುರಿದ ಆ ಸಂಜೆ ಕಣ್ಣಿನ ಬಟ್ಟೆ ಬಿಚ್ಚಿದಾಗ ಗಿರಿಜಾ ಕೇಳಿದ್ದು ತನ್ನ ತಲೆಯ ಬಗ್ಗೆಯಲ್ಲ. "ಆಂವ ಏನಂದ?" ಎಂದಳು.

"ಭಾಳ ನೊಂದ್ಕೊಂಡ. ಮತ್ತ ಮತ್ತ ನಿನ್ನ ಕೋಣಿ ಕಡೀನ ನೋಡಿಕೋತ ಹೋದ" ಎಂದು ಸುಳ್ಳು ಹೇಳಿದೆ.

"ಇಲ್ಲಕ್ಕಾ. ಅವರವ್ವನ ಕೈಯಾಗಿಂದು ಸೀರಿ ಮಣ್ಣಾಗ ಬಿತ್ತು. ಝಾಡಿಸಿ, ಮಡಚಿ, ಗಾಡ್ಯಾಗ ಇಟ್ಟ. ಈ ಕಡಿ ತಿರುಗಿ ನೋಡಲಿಲ್ಲ."

ಹಾಗೆಯೇ ಆಗಿತ್ತು. ಅದನ್ನು ನೋಡುತ್ತ ತಲೆಬಾಗಿಲಲ್ಲಿ ನಿಂತಿದ್ದವಳು ನಾನೊಬ್ಬಳೇ.