ಭಾವನ ಮಹಾಧಮನಿಗೆ ಸ್ಲೀವ್

ಊದಿಕೊಂಡ ರಕ್ತನಾಳ ಆಪರೇಷನ್ನಿಗೆ ಮುಂಚೆಯೇ ಒಡೆಯಬಹುದಿತ್ತು. ಒಡೆಯದಿದ್ದರೆ ಆಪರೇಷನ್ ಮಧ್ಯೆ ಕರೆಂಟ್ ಹೋಗಬಹುದಿತ್ತು. ಜನರೇಟರ್ ಇದ್ದರೂ ಅದಕ್ಕೆ ಡೀಸೆಲ್ ಹಾಕುವವನು ರಜೆಯಲ್ಲಿರಬಹುದಿತ್ತು. ಸ್ಟೆಂಟ್ ಒಂದು ಸೈಜು ಚಿಕ್ಕದಾಗಿ ಬರಬಹುದಿತ್ತು. ಡಾಕ್ಟರು ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿ ಬಂದಿರಬಹುದಿತ್ತು. ಮಿದುಳಿಗೆ ರಕ್ತ ಸಾಲದೆ ಭಾವನಿಗೆ ಪಾರ್ಶ್ವವಾಯು ಹೊಡೆಯಬಹುದಿತ್ತು, ಬೆನ್ನುಹುರಿಗೆ ಸಾಲದೆ ಕಾಲುಗಳ ಸ್ವಾಧೀನ ತಪ್ಪಬಹುದಿತ್ತು. ಕೊನೆಯ ಎರಡನ್ನು ಡಾಕ್ಟರೇ ಹೇಳಿದ್ದು. ಉಳಿದದ್ದು ನನ್ನ ಸ್ವಂತ ಕೊಡುಗೆ.

ಭಾವ ಎಂದರೆ ಅಕ್ಕನ ಗಂಡ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದವರು. ಮೂಗಿನ ಕೆಳಗೆ ದಪ್ಪನೆಯ, ತುದಿ ತಿರುವಿದ ಮೀಸೆ. ಹೆಣ್ಣು ನೋಡಲು ಬಂದ ದಿನ ಅಕ್ಕ ಕಂಡದ್ದು ಆ ಮೀಸೆಯನ್ನಷ್ಟೇ ಎಂದು ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತೇವೆ. ಕೆಮ್ಮು ನಿಲ್ಲುತ್ತಿಲ್ಲವೆಂದು ಎಕ್ಸ್‌ರೇ ತೆಗೆಸಲು ಹೋದವರಿಗೆ, ಎದೆಯೊಳಗೆ ಮಹಾಧಮನಿ ಬಾಗುವ ಕಡೆ ಬಲೂನಿನಂತೆ ಊದಿದೆ ಎಂದು ತಿಳಿಯಿತು.

ಇಡೀ ಎದೆ ತೆರೆದರೆ ಇವರ ಶ್ವಾಸಕೋಶ ತಡೆಯುವುದಿಲ್ಲ ಎಂದರು ಡಾಕ್ಟರು. ಅದಕ್ಕೇ ಎರಡು ವಿಧಾನಗಳ ಜೋಡಿ. ಮೊದಲು ಕುತ್ತಿಗೆಯ ಬಳಿ ಕೊಯ್ದು, ತಲೆಗೂ ಎಡಗೈಗೂ ರಕ್ತ ಒಯ್ಯುವ ನಾಳಗಳಿಗೆ ಬೇರೆ ದಾರಿ ಮಾಡುವುದು. ಆಮೇಲೆ ತೊಡೆಯ ನಾಳದಿಂದ ಮಡಿಸಿದ ಕೊಳವೆಯಂಥ ಸ್ಟೆಂಟನ್ನು ಮೇಲಕ್ಕೆ ತಳ್ಳಿ, ಊದಿದ ಜಾಗದೊಳಗೆ ಬಿಚ್ಚುವುದು. ಸ್ಟೆಂಟ್ ಆ ನಾಳಗಳ ಬಾಯಿ ಮುಚ್ಚುವುದರಿಂದ ಮೊದಲೇ ಡೈವರ್ಷನ್ ಬೇಕು.

"ಅಂದ್ರೆ ಇಂಜಿನ್ ಸಿಲಿಂಡರ್ ಥರ ಬೋರ್ ಸವೆದಿದೆ, ಒಳಗಡೆ ಹೊಸ ಕೊಳವೆ, ಸ್ಲೀವ್ ಹಾಕ್ತೀರಿ," ಎಂದರು ಭಾವ.

"ಹೆಚ್ಚುಕಮ್ಮಿ ಹಾಗೇ ಸಾರ್."

"ಸ್ಲೀವ್ ಜಾರಿದ್ರೆ?" ಎಂದೆ ನಾನು.

"ಇವನನ್ನ ಆಚೆ ಕೂರಿಸಿ ಡಾಕ್ಟ್ರೇ. ಇವನ ಮಾತು ಕೇಳಿದ್ರೆ ನೆಟ್ಟಗಿರೋ ನಾಳಾನೂ ಊದ್ಕೊಳ್ಳುತ್ತೆ."

ಹಿಂದಿನ ದಿನ ಸಂಜೆ ಭಾವ ಮಾತ್ರೆ ನುಂಗಿ ತೂಕಡಿಸುತ್ತಿದ್ದರು. ಮೈಕೂದಲು ತೆಗೆಯಲು ಬಂದ ಆಸ್ಪತ್ರೆಯ ಕ್ಷೌರಿಕ ವಾರ್ಡಿನ ಬಾಗಿಲಲ್ಲಿ ಸಿಕ್ಕ. ಕೂದಲೆಂದರೆ ಇನ್‌ಫೆಕ್ಷನ್ ಎಂದು ಎಲ್ಲೋ ಓದಿಕೊಂಡಿದ್ದ ನಾನು ಸುಮ್ಮನಿರಲಿಲ್ಲ.

"ಅಣ್ಣ, ಒಂದು ಕೂದಲೂ ಉಳೀಬಾರ್ದು. ಕ್ಲೀನ್ ಶೇವ್ ಆಗ್ಬೇಕು."

"ಕ್ಲೀನ್ ಶೇವಾ ಸಾರ್?" ಎಂದು ಅವನು ಮತ್ತೊಮ್ಮೆ ಕೇಳಿದ.

"ಕ್ಲೀನ್ ಶೇವ್," ಎಂದು ಒತ್ತಿ ಹೇಳಿ, ಒಂದು ಅಪಾಯ ತಪ್ಪಿಸಿದ ಸಮಾಧಾನದಲ್ಲಿ ಅಕ್ಕನನ್ನು ಕರೆದುಕೊಂಡು ಆರ್‌ಪಿಸಿ ಲೇಔಟಿನ ಮನೆಗೆ ಹೊರಟೆ.

ಬೆಳಿಗ್ಗೆ ದಾರಿಯಲ್ಲಿ ಅಂಡರ್‌ಪಾಸಿಗೆಂದು ರಸ್ತೆ ಅಗೆದು, ಡೈವರ್ಷನ್ನನ್ನೂ ಸರಿಯಾಗಿ ಮಾಡಿರಲಿಲ್ಲ. ನಮ್ಮ ಆಟೊ ತಲುಪುವಷ್ಟರಲ್ಲಿ ಭಾವನನ್ನು ಒಳಗೆ ಕರೆದೊಯ್ದಿದ್ದರು. ಸಂಜೆ ಡಾಕ್ಟರು ಹೊರಗೆ ಬಂದು, ಎರಡೂ ಮುಗಿದವು, ಕಾಲಾಡಿಸುತ್ತಿದ್ದಾರೆ, ಎಡಗೈಯ ನಾಡಿ ಚೆನ್ನಾಗಿದೆ ಎಂದರು. ಅಕ್ಕ ಅತ್ತಳು. ನಾನು ಬಲಗೈಯ ನಾಡಿ ಹೇಗಿದೆ ಎಂದು ಕೇಳಿದೆ.

ಮಾರನೆಯ ಬೆಳಿಗ್ಗೆ ಐಸಿಯುಗೆ ಒಬ್ಬೊಬ್ಬರನ್ನೇ ಬಿಟ್ಟರು. ಮೊದಲು ಹೋದ ಅಕ್ಕ ಹೋದ ವೇಗದಲ್ಲೇ ವಾಪಸ್ ಬಂದಳು.

"ಆ ಬೆಡ್ಡಲ್ಲಿರೋದು ನಿಮ್ಮ ಭಾವ ಅಲ್ಲ ಕಣೋ. ಯಾರೋ ಬೇರೆಯವರು ಮಲಗಿದ್ದಾರೆ."

ರೋಗಿಯೇ ಅದಲುಬದಲಾಗುವುದನ್ನು ನಾನು ಯೋಚಿಸಿರಲಿಲ್ಲ. ಇಷ್ಟು ದೊಡ್ಡದನ್ನು ಹೇಗೆ ಬಿಟ್ಟೆನೋ ಎಂದುಕೊಳ್ಳುತ್ತಾ, ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿದೆ. ಹಸಿರು ಟೋಪಿಯ ಕೆಳಗೆ ನುಣುಪಾದ, ಅಪರಿಚಿತ ಮುಖವೊಂದು ನಿದ್ದೆಯಲ್ಲಿತ್ತು. ಮಂಚದ ಚೀಟಿಯಲ್ಲಿ ಹೆಸರು ಮಾತ್ರ ಭಾವನದೇ.

ಆ ಮುಖ ಕಣ್ಣು ಬಿಟ್ಟಿತು. ಹೊದಿಕೆಯ ಕೆಳಗೆ ಎರಡೂ ಕಾಲುಗಳ ಬೆರಳು ಆಡಿದವು.

"ಸ್ಲೀವ್ ಸರಿಯಾಗಿ ಕೂತಿದೆಯಂತೆ," ಎಂದಿತು ಭಾವನ ದನಿ. ಆಮೇಲೆ ಕೈಯೆತ್ತಿ ಮೂಗಿನ ಕೆಳಗಿನ ಬಯಲನ್ನು ತಡವಿಕೊಂಡಿತು. "ಕ್ಲೀನ್ ಶೇವ್ ಅಂತ ಎರಡೆರಡು ಸಲ ಹೇಳಿದ್ಯಂತಲ್ಲ, ಬಾಮೈದ. ಮೀಸೆಗೆ ಸ್ಪೇರ್ ಎಲ್ಲಿ ಸಿಗುತ್ತೆ, ಹೋಗಿ ವಿಚಾರಿಸ್ಕೊಂಡು ಬಾ."