ಅಮಾವಾಸ್ಯೆಗೂ ಇಳಿಯದ ನೋವು

ಮಗ್ಗದವರ ಮನೆಯಲ್ಲಿ ಬೆನ್ನುನೋವು ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮಗ್ಗದ ಕೆಳಗಿನ ಗುಂಡಿಯಲ್ಲಿ ಕಾಲಿಟ್ಟು ದಿನವೆಲ್ಲ ಬಗ್ಗಿ ನೇಯುವವರಿಗೆ ಅದು ಇದ್ದದ್ದೇ. ನಮ್ಮಲ್ಲಿ ಅದಕ್ಕೆ ಗುಂಡಿ ನೋವು ಅಂತಲೇ ಹೆಸರು. ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವಂತಿಲ್ಲ. ಅವತ್ತು ಉದ್ದಕ್ಕೆ ಮಲಗಿದರೆ ಸಂಜೆಯೊಳಗೆ ನೋವು ಇಳಿಯುತ್ತದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ನನ್ನ ನೋವು ಮೂರು ಅಮಾವಾಸ್ಯೆ ಕಳೆದರೂ ಇಳಿಯಲಿಲ್ಲ. ಮಲಗಿದರೆ ಇನ್ನೂ ಹೆಚ್ಚುತ್ತಿತ್ತು, ಎಡಗಾಲು ಜುಮುಗುಡುತ್ತಿತ್ತು. ನಮ್ಮೂರು ಹಿಂದೂಪುರದ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಅದರಲ್ಲೇನೂ ಕಾಣದಿದ್ದರೂ ಅವರು ಸುಮ್ಮನಾಗದೆ, ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಅತ್ತೆ ಅದನ್ನು ತಮ್ಮ ಎಲೆಅಡಿಕೆ ಚೀಲಕ್ಕೆ ತುರುಕಿದರು.

"ಗುಂಡಿ ನೋವಿಗೆ ಯಾರಾನ ಬೆಂಗ್ಳೂರ್ಗೆ ಹೋಯ್ತಾರೇನಮ್ಮ? ಕಲ್ಯಾಣದುರ್ಗದಾಗೆ ಬೆನ್ನು ತುಳಿಯೋನವ್ನೆ. ನಾನು ಮೂರು ಸಲ ತುಳಿಸ್ಕೊಂಡು ಬಂದೀನಿ, ಇನ್ನೂ ನೇಯ್ತಿಲ್ವಾ?"

ಬಸ್ಸು ಹತ್ತಿಸಿ ಕರೆದುಕೊಂಡೂ ಹೋದರು. ಕಲ್ಯಾಣದುರ್ಗದ ಆ ಮನೆಯ ಪಡಸಾಲೆಯಲ್ಲಿ ತೊಲೆಗೆ ಹಗ್ಗ ಕಟ್ಟಿತ್ತು. ಆತ ಹಗ್ಗ ಹಿಡಿದು ತೂಗಿಕೊಂಡು, ಚಾಪೆಯ ಮೇಲೆ ಬೋರಲು ಮಲಗಿದವರ ಬೆನ್ನನ್ನು ಹಿಮ್ಮಡಿಯಿಂದ ಅದುಮುತ್ತಿದ್ದ. ನನ್ನ ಸರದಿ ಬಂತು. ಚಾಪೆಯ ತನಕ ಹೋದವಳು ನಿಂತುಬಿಟ್ಟೆ.

"ಏಮ್ಮಾ, ಭಯಮಾ?" ಎಂದು ನಕ್ಕ.

"ಭಯಾನೇ ಕಣಪ್ಪ. ಮೂರು ಅಮಾಸೆಗೂ ಇಳೀದಿದ್ದು ಗುಂಡಿ ನೋವಲ್ಲ. ಒಳಗೇನೈತೆ ಅಂತ ನೋಡೋಗಂಟ ನನ್ನ ಬೆನ್ನ ಮ್ಯಾಲೆ ಯಾರ ಕಾಲೂ ಬೀಳಂಗಿಲ್ಲ."

ಅಷ್ಟು ಜನರ ಮುಂದೆ ಅತ್ತೆಯ ಮಾತು ಮೀರಿದ್ದೆ. ಅವರತ್ತ ಕೈ ಚಾಚಿ, "ಚೀಟಿ ಕೊಡಿ" ಅಂದೆ. ಕೊಟ್ಟರು; ಆಮೇಲೆ ತಿಂಗಳುಗಟ್ಟಲೆ ಮಾತು ಬಿಟ್ಟರು. ಬಿಡಲಿ ಅಂದುಕೊಂಡೆ.

ಗಂಡನ ಜೊತೆ ಬೆಂಗಳೂರಿನ ರೈಲು ಹತ್ತಿದೆ. ಸ್ಕ್ಯಾನ್ ಮಾಡುವಾಕೆ, ಸದ್ದು ಜೋರು, ಹೆದರಬೇಡಿ ಅಂದಳು. ಹುಟ್ಟಿದಾಗಿನಿಂದ ಮಗ್ಗದ ಪಕ್ಕ ಮಲಗಿದವಳನ್ನು ಆ ಮಿಷನ್ನು ಏನು ಹೆದರಿಸೀತು! ನಾನು ಹೆದರಿದ್ದು ಅದು ಏನು ತೋರಿಸುತ್ತದೋ ಎಂದು.

ಫಿಲಮ್ಮನ್ನು ಬೆಳಕಿಗೆ ಹಿಡಿದು ಅಲ್ಲಿನ ಡಾಕ್ಟರು ಬೆರಳಿಟ್ಟು ತೋರಿಸಿದರು. ಎರಡು ಮೂಳೆ ಸವೆದು, ನಡುವೆ ಕೀವು ತುಂಬಿ, ಬೆನ್ನುಹುರಿಯನ್ನು ಒತ್ತುತ್ತಿತ್ತು. ಸೂಜಿ ಹಾಕಿ ಪರೀಕ್ಷಿಸಿದಾಗ ಕ್ಷಯವೆಂದು ಗೊತ್ತಾಯಿತು. ಕಲ್ಯಾಣದುರ್ಗದ ಕಥೆ ಹೇಳಿದೆ. "ಅವತ್ತು ಮಲಗಿದ್ದರೆ ಎದ್ದು ನಡೆಯುತ್ತಿದ್ದಿರೋ ಇಲ್ಲವೋ" ಅಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ, ಆಮೇಲೆ ಹೆಮ್ಮೆಯೂ ಪಟ್ಟೆ.

ವರ್ಷ ಮೀರಿ ಮಾತ್ರೆ ನುಂಗಿದೆ. ಮತ್ತೆ ಗುಂಡಿಗೆ ಇಳಿದು ತಿಂಗಳಾಗುವಷ್ಟರಲ್ಲಿ ಬೆನ್ನು ನೋಯತೊಡಗಿತು. ಅಮಾವಾಸ್ಯೆಯ ದಿನ ಸಂಜೆಯನ್ನೇ ಕಾಯುತ್ತ ಮಲಗಿದೆ. ಸಂಜೆಗೆ ನೋವು ಇಳಿದಿತ್ತು. ಸಂತೋಷಕ್ಕೆ ಒಬ್ಬಳೇ ನಕ್ಕೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು, ಸೊಂಟದ ಮೇಲೆ ಕೈಯಿಟ್ಟುಕೊಂಡು.

"ನಂದು ಇಳೀಲಿಲ್ಲ ಕಣಮ್ಮ" ಅಂದರು. "ಎಲ್ಡ್ ಅಮಾಸೆ ಆಯ್ತು."

ಸೆರಗು ಸಿಕ್ಕಿಸಿ ಎದ್ದೆ. ನಮ್ಮೂರ ಡಾಕ್ಟರ ಮನೆಯವರೆಗೂ ಇಬ್ಬರೂ ನಡೆದೇ ಹೋದೆವು.